5893 ಬರಲೇಬೇಕಾ?

ಬಿ.ಎಸ್ಸಿ.ಯಲ್ಲಿ ಫಿಸಿಕ್ಸ್ ಓದಿದ ಯಾರನ್ನಾದರೂ ನಡುರಾತ್ರಿ ಎಬ್ಬಿಸಿ ಸೋಡಿಯಂ ಬೆಳಕಿನ ತರಂಗಾಂತರ ಎಷ್ಟು ಅಂತ ಕೇಳಿ. ಕಣ್ಣು ಬಿಡದೆ ಹೇಳುತ್ತಾರೆ: 5893 ಆಂಗ್‌ಸ್ಟ್ರಾಂ. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ತುಂಡು ಮಾಡಿದರೆ ಒಂದು ತುಂಡು ಒಂದು ಆಂಗ್‌ಸ್ಟ್ರಾಂ. ನಿಜ ಹೇಳಬೇಕೆಂದರೆ ಸೋಡಿಯಂ ದೀಪದಲ್ಲಿ ಇರುವುದು ಪಕ್ಕಪಕ್ಕದ ಎರಡು ಹಳದಿ ಗೆರೆ, 5890 ಮತ್ತು 5896. ಕಾಲೇಜಿನ ಉಪಕರಣ ಎಷ್ಟೋ ಸಲ ಇವೆರಡನ್ನು ಬೇರೆ ಮಾಡಿ ತೋರಿಸುವುದಿಲ್ಲ, ಹಾಗಾಗಿ ನಡುವಿನ 5893ನ್ನು ಇಟ್ಟುಕೊಳ್ಳುತ್ತೇವೆ. ಸಿಲೆಬಸ್ ಎಷ್ಟು ಸಲ ಬದಲಾದರೂ ಈ ಸಂಖ್ಯೆ ಬದಲಾಗಲಿಲ್ಲ. ಪಠ್ಯಪುಸ್ತಕದಲ್ಲಿ ಉಂಟು, ಲ್ಯಾಬ್ ಮ್ಯಾನ್ಯುಯಲಿನಲ್ಲಿ ಉಂಟು, ಸೀನಿಯರ್‌ಗಳ ರೆಕಾರ್ಡಿನಲ್ಲಿ ಉಂಟು. ಪ್ರಯೋಗ ಶುರುವಾಗುವ ಮೊದಲೇ ಉತ್ತರ ಗೊತ್ತು.

ಮುಂದಿನ ಸಂಭಾಷಣೆ ಬಂಟ್ವಾಳದಲ್ಲಿ ಕೇಳಿದ್ದು ಅಂತಲೂ ಅಂದುಕೊಳ್ಳಬಹುದು, ಬೀದರಿನಲ್ಲಿ ಕೇಳಿದ್ದು ಅಂತಲೂ. ಭಾಷೆ ಮಾತ್ರ ನಮ್ಮೂರಿನದು.

“ಎಷ್ಟು ಬಂತಾ ನಿಂಗೆ?”

“ಆರು ಸಾವಿರದ ನಾನ್ನೂರ ಎಂಬತ್ತು.”

“ಅಷ್ಟೆಲ್ಲ ಆಗ್ಲಿಕ್ಕಿಲ್ಲ ಮಾರಾಯ. ಸ್ವಲ್ಪ ಹೊಂದಿಸು.”

ಹೊಂದಿಸುವುದು ಅಂದರೆ ಹಿಂದಿನಿಂದ ಲೆಕ್ಕ ಹಾಕುವುದು. ಉತ್ತರ 5893ರ ಹತ್ತಿರ ಬರಬೇಕಾದರೆ ರೀಡಿಂಗ್ ಎಷ್ಟಿರಬೇಕು ಎಂದು ಕಂಡುಹಿಡಿದು, ಆ ರೀಡಿಂಗನ್ನೇ ಟೇಬಲಿಗೆ ತುಂಬುವುದು. ಜಾಣರು ಸರಿಯಾಗಿ 5893 ಬರಲು ಬಿಡುವುದಿಲ್ಲ, ಅನುಮಾನ ಬರುತ್ತದಲ್ಲ. 5871 ಅಥವಾ 5910ಕ್ಕೆ ನಿಲ್ಲಿಸುತ್ತಾರೆ. ಸುಳ್ಳಿಗೂ ಒಂದು ಮರ್ಯಾದೆ ಇರಬೇಕು ನೋಡಿ!

ಇದು ತಪ್ಪಾ? ಪ್ರಶ್ನೆ ಕಾಣುವಷ್ಟು ಸುಲಭದ್ದಲ್ಲ. ಸುಳ್ಳು ಅಂದಮೇಲೆ ಮೋಸ ಹೋದವರು ಯಾರಾದರೂ ಇರಬೇಕು. ಇಲ್ಲಿ ಯಾರು ಮೋಸ ಹೋದರು? ಲೆಕ್ಚರರಿಗೆ ಗೊತ್ತು. ಹೊರಗಿನಿಂದ ಬರುವ ಪರೀಕ್ಷಕರಿಗೆ ಗೊತ್ತು, ಅವರೂ ಒಂದು ಕಾಲದಲ್ಲಿ ಇದೇ ಟೇಬಲ್ ತುಂಬಿ ಬಂದವರು. ಸೋಡಿಯಂ ಪರಮಾಣುವಿಗಂತೂ ಬೇಜಾರಿಲ್ಲ. ಯಾರನ್ನೂ ವಂಚಿಸದ ಸುಳ್ಳು ಸುಳ್ಳೇ ಹೌದಾ?

ಬೆಳ್ತಂಗಡಿ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಗೆಳೆಯನೊಬ್ಬ ಈ ವಿಷಯದಲ್ಲಿ ನನ್ನ ಖಾಯಂ ಪ್ರತಿವಾದಿ. ಅವನ ವಾದ ಹಗುರದ್ದಲ್ಲ, ಸರಿಯಾಗಿಯೇ ಹೇಳಬೇಕು. 1966ರಲ್ಲಿ ಉಜಿರೆಯಲ್ಲಿ ಎಸ್‌ಡಿಎಂ ಕಾಲೇಜು ಶುರುವಾಗುವವರೆಗೆ ಆ ಕಡೆಯ ಹುಡುಗರು ಡಿಗ್ರಿ ಅಂದರೆ ದೂರದ ಊರಿಗೆ ಹೋಗಬೇಕು ಅನ್ನುವ ಸ್ಥಿತಿ ಇತ್ತು. ಮಂಗಳೂರು ವಿಶ್ವವಿದ್ಯಾನಿಲಯ ಬಂದದ್ದೇ 1980ರಲ್ಲಿ. ಇವತ್ತು ಕಕ್ಕಿಂಜೆ, ವೇಣೂರು, ಸಿದ್ದಕಟ್ಟೆ, ವಿಟ್ಲ, ಶಿರ್ತಾಡಿಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬಂದು ಮ್ಯಾಕ್ಸ್‌ವೆಲ್ಲನ ಸಮೀಕರಣ ಓದುವ ಮಕ್ಕಳಿದ್ದಾರಲ್ಲ, ಅವರಲ್ಲಿ ಅರ್ಧಕ್ಕರ್ಧ ಮನೆಗೆ ಇದು ಮೊದಲ ಡಿಗ್ರಿ. “ಜೂನಿನಿಂದ ಸೆಪ್ಟೆಂಬರಿನವರೆಗೆ ಲೆನ್ಸಿಗೆ ಬೂಸ್ಟು ಹಿಡಿದಿರುತ್ತದೆ. ನಡುವೆ ಒಮ್ಮೆ ಕರೆಂಟು ಹೋಯಿತೋ, ಸೋಡಿಯಂ ದೀಪ ಮತ್ತೆ ಕೆಂಪಿನಿಂದ ಹಳದಿಗೆ ತಿರುಗುವವರೆಗೆ ಕಾಯಬೇಕು. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಉಪಕರಣದ ತಪ್ಪಿಗೆ ಹುಡುಗಿಯ ಮಾರ್ಕು ಕಡಿಯಲಾ? ಎಂ.ಎಸ್ಸಿ. ಸೀಟಿಗೆ ಅರ್ಧ ಮಾರ್ಕು ಲೆಕ್ಕಕ್ಕೆ ಬರುತ್ತದೆ ಮಾರಾಯ” ಅನ್ನುತ್ತಾನೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಲ್ಯಾಬ್ ರೆಕಾರ್ಡು ಒಂದು ಯಕ್ಷಗಾನ ಅಂತೆ. ರಂಗಸ್ಥಳದಲ್ಲಿ ನಿಂತು “ನಾನು ಲಂಕಾಧಿಪತಿ” ಅನ್ನುವವನನ್ನು ಯಾರಾದರೂ ಸುಳ್ಳುಗಾರ ಅನ್ನುತ್ತಾರಾ? ವೇಷ ಅಂತ ಅವನಿಗೂ ಗೊತ್ತು, ಎದುರು ಕೂತವರಿಗೂ ಗೊತ್ತು. ಹುಡುಗರು ವಿಜ್ಞಾನಿಯ ವೇಷ ಹಾಕಿ ಕುಣಿಯುವುದನ್ನು ಕಲಿಯುತ್ತಿದ್ದಾರೆ, ಅಷ್ಟೆ.

ಒಳ್ಳೆಯ ಉಪಮೆ. ಅದು ಮುರಿಯುವ ಜಾಗವೂ ಅಷ್ಟೇ ಸ್ಪಷ್ಟ ಇದೆ. ವೇಷಧಾರಿ ಬೆಳಗಿನ ಜಾವ ಚೌಕಿಗೆ ಹೋಗಿ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾನೆ. ಬಣ್ಣದ ಕೆಳಗೆ ತನ್ನ ಮುಖ ಹೇಗಿತ್ತು ಅನ್ನುವುದು ಅವನಿಗೆ ಗೊತ್ತಿರುತ್ತದೆ. ರೀಡಿಂಗ್ ಹೊಂದಿಸಿದವರಿಗೆ ಆ ಮುಖ ನೋಡುವ ಅವಕಾಶವೇ ಬಂದಿರುವುದಿಲ್ಲ.

ಯಾಕೆ ಅನ್ನುವುದು ತಿಳಿಯಬೇಕಾದರೆ ನ್ಯೂಟನ್ನನ ಉಂಗುರಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಫಿಸಿಕ್ಸ್ ಓದದವರೂ ಗಾಬರಿಯಾಗಬೇಡಿ, ಸರಳ ಇದೆ. ಚಪ್ಪಟೆ ಗಾಜಿನ ಮೇಲೆ ಒಂದು ಬದಿ ತುಸುವೇ ಉಬ್ಬಿದ ಮಸೂರವನ್ನು ಉಬ್ಬು ಕೆಳಗಾಗುವಂತೆ ಇಡುತ್ತೀರಿ. ಎರಡು ಗಾಜಿನ ನಡುವೆ ತೆಳ್ಳಗೆ ಗಾಳಿಯ ಪದರ. ಮೇಲಿನಿಂದ ಹಳದಿ ಬೆಳಕು ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದರ ಸುತ್ತ ಒಂದು ಕಪ್ಪು-ಹಳದಿ ಉಂಗುರಗಳು, ನಿಂತ ನೀರಿಗೆ ಕಲ್ಲು ಹಾಕಿದ ಹಾಗೆ. ಆ ಉಂಗುರಗಳ ಅಗಲ ಅಳೆದರೆ ಬೆಳಕಿನ ತರಂಗಾಂತರ ಸಿಗುತ್ತದೆ. ಅಡಿಕೆ ಕತ್ತರಿಸುವ ಕೈಯಲ್ಲಿ, ಒಂದು ತಿರುಪು ತಿರುಗಿಸಿ, ಸೆಂಟಿಮೀಟರಿನ ಲಕ್ಷದ ಪಾಲಿನ ಲೆಕ್ಕದ ಸಂಗತಿಯನ್ನು ಅಳೆಯುತ್ತೀರಿ. ಸಾವಿರ ಪುಸ್ತಕ ಓದಿದರೂ ಸಿಗದ ಖುಷಿ ಅದು.

ಈಗ 6480 ಬಂತು ಅಂತಿಟ್ಟುಕೊಳ್ಳಿ. ಹುಡುಗ ಗಾಬರಿಯಾಗಿ ಹೊಂದಿಸಲಿಕ್ಕೆ ಹೊರಟ. ಹೊರಡುವ ಮೊದಲು ಒಂದು ನಿಮಿಷ ಆ ಸಂಖ್ಯೆಯನ್ನೇ ದಿಟ್ಟಿಸಿದ್ದರೆ? 5893ಕ್ಕೆ ಅದರ ಹತ್ತನೇ ಒಂದು ಪಾಲು ಸೇರಿಸಿ, 6482 ಆಗುತ್ತದೆ. ಅಂದರೆ ಹತ್ತು ಉಂಗುರ ದಾಟಿದೆ ಅಂದುಕೊಂಡವನು ದಾಟಿದ್ದು ಹನ್ನೊಂದು. ಕಣ್ಣು ರೆಪ್ಪೆ ಮಿಟುಕಿಸುವಾಗ ಒಂದು ಉಂಗುರ ಜಾರಿ ಹೋಗಿದೆ. ಆ ‘ತಪ್ಪು’ ಉತ್ತರ ಎಷ್ಟು ನಿಖರವಾಗಿ ಮಾತಾಡುತ್ತಿದೆ ನೋಡಿ: ನಿನ್ನ ತಿರುಪು ಸರಿ, ನಿನ್ನ ಮಸೂರ ಸರಿ, ಎಣಿಕೆ ಮಾತ್ರ ಒಂದು ತಪ್ಪಿದೆ ಅಂತ. ಅವನ ಕೈಯ ಕೆಲಸ ಅದ್ಭುತವಾಗಿತ್ತು. ಹೊಂದಿಸಿದ ಕ್ಷಣದಲ್ಲಿ ಆ ಸಂಗತಿ ರಬ್ಬರಿನ ಪುಡಿಯ ಜೊತೆ ಹಾರಿಹೋಯಿತು.

ಅಕ್ಕಸಾಲಿಗ ಚಿನ್ನವನ್ನು ಒರೆಗಲ್ಲಿಗೆ ಉಜ್ಜುವಾಗ ಕಲ್ಲಿನ ಯೋಗ್ಯತೆ ನೋಡುತ್ತಿರುವುದಿಲ್ಲ. ಡಿಗ್ರಿ ಲ್ಯಾಬಿನಲ್ಲಿ 5893 ಅಂಥ ಒರೆಗಲ್ಲು. ಸೋಡಿಯಂ ಬೆಳಕನ್ನು ಜಗತ್ತು ಅಳೆದು ಮುಗಿಸಿ ಕಾಲವಾಯಿತು, ನಮ್ಮ ಮೂರನೇ ಸೆಮಿಸ್ಟರಿನ ಸಹಾಯ ಯಾರಿಗೂ ಬೇಕಿಲ್ಲ. ಅಲ್ಲಿ ಇನ್ನೂ ಅಳೆಯದೆ ಉಳಿದಿರುವುದು ಒಂದೇ, ಅದು ನೋಡುವವರ ಕಣ್ಣು. ಈ ಕಣ್ಣನ್ನು ಎಷ್ಟು ನಂಬಬಹುದು? ನೂರಕ್ಕೆ ಎರಡು ತಪ್ಪುತ್ತದಾ, ಹತ್ತು ತಪ್ಪುತ್ತದಾ? ಮೋಸ ಹೋದವರು ಯಾರು ಅಂತ ಕೇಳಿದೆನಲ್ಲ, ಉತ್ತರ ಇಲ್ಲಿದೆ. ಆ ಕೋಣೆಯಲ್ಲಿ ಎಲ್ಲರಿಗೂ ಸೋಡಿಯಂ ಗೊತ್ತಿತ್ತು. ಹುಡುಗನ ಕಣ್ಣಿನ ಬಗ್ಗೆ ಮಾತ್ರ ಹುಡುಗನಿಗೇ ಗೊತ್ತಿರಲಿಲ್ಲ. ಈಗಲೂ ಗೊತ್ತಾಗಲಿಲ್ಲ.

ಇದೇ ಪ್ರಯೋಗದಲ್ಲಿ ಇನ್ನೊಂದು ತಮಾಷೆ ಇದೆ. ಥಿಯರಿ ಪ್ರಕಾರ ಉಂಗುರಗಳ ನಟ್ಟನಡುವೆ ಕಪ್ಪು ಚುಕ್ಕಿ ಇರಬೇಕು. ಆದರೆ ಎರಡು ಗಾಜು ತಾಗುವ ಜಾಗದಲ್ಲಿ ಒಂದು ಧೂಳಿನ ಕಣ ಕೂತಿತೋ, ನಡುವೆ ಹಳದಿ ಚುಕ್ಕಿಯೂ ಕಾಣಬಹುದು. ನಮ್ಮ ಲ್ಯಾಬುಗಳಲ್ಲಿ ಹಾಗೆ ಕಾಣುವುದು ಅಪರೂಪವೇನಲ್ಲ. ರೆಕಾರ್ಡಿನ ಚಿತ್ರದಲ್ಲಿ ಮಾತ್ರ ಎಲ್ಲರದ್ದೂ ಕಪ್ಪು ಚುಕ್ಕಿ! ಇಷ್ಟಕ್ಕೂ ಆ ಧೂಳನ್ನು ಮುಚ್ಚಿಡುವ ಅಗತ್ಯವೇ ಇಲ್ಲ. ಒಂದೊಂದು ಉಂಗುರದ ವ್ಯಾಸದಿಂದ ನೇರ ಲೆಕ್ಕ ಹಾಕಿದರೆ ಧೂಳಿನ ದಪ್ಪ ಉತ್ತರವನ್ನು ಕೆಡಿಸುತ್ತದೆ, ನಿಜ. ಅದಕ್ಕೇ ಎರಡು ಉಂಗುರಗಳ ವ್ಯಾಸದ ವರ್ಗಗಳನ್ನು ಒಂದರಿಂದೊಂದು ಕಳೆಯುತ್ತೇವೆ. ಧೂಳು ಎರಡರಲ್ಲೂ ಒಂದೇ ಅಳತೆಯಲ್ಲಿ ಸೇರಿರುವುದರಿಂದ ಕಳೆದಾಗ ತಾನಾಗಿ ಹೊರಟುಹೋಗುತ್ತದೆ. ಪ್ರತಿ ವರ್ಷ ಸಾವಿರಾರು ಮಕ್ಕಳು ಈ ಸೂತ್ರ ಬಾಯಿಪಾಠ ಮಾಡುತ್ತಾರೆ. ಕೊಳೆ ಇದ್ದೇ ಇರುತ್ತದೆ, ಅದು ಉತ್ತರಕ್ಕೆ ತಾಗದ ಹಾಗೆ ಲೆಕ್ಕ ಕಟ್ಟು ಎಂದು ಆ ಸೂತ್ರ ಹೇಳುತ್ತಿದೆ ಅನ್ನುವುದು ಎಷ್ಟು ಜನರ ಕಿವಿಗೆ ಬೀಳುತ್ತದೋ.

ವಿದ್ಯುತ್ಕಾಂತತ್ವದ ಕಡೆ ಬಂದರೆ ಸಮಸ್ಯೆ ಇನ್ನೂ ಗಂಭೀರ ಆಗುತ್ತದೆ. ಟ್ಯಾಂಜೆಂಟ್ ಗ್ಯಾಲ್ವನೋಮೀಟರ್ ಅಂತ ಒಂದು ಹಳೆಯ ಉಪಕರಣ: ನಿಲ್ಲಿಸಿದ ತಂತಿಯ ಸುರುಳಿ, ನಡುವೆ ದಿಕ್ಸೂಚಿ. ಸುರುಳಿಗೆ ಕರೆಂಟು ಕೊಟ್ಟಾಗ ಮುಳ್ಳು ಎಷ್ಟು ತಿರುಗಿತು ಅನ್ನುವುದರಿಂದ ಭೂಮಿಯ ಅಯಸ್ಕಾಂತ ಕ್ಷೇತ್ರದ ಅಡ್ಡ ಭಾಗವನ್ನು ಕಂಡುಹಿಡಿಯಬಹುದು. ಇಲ್ಲೂ ಒಂದು ‘ಸರಿ ಉತ್ತರ’ ಓಡಾಡುತ್ತಾ ಇರುತ್ತದೆ, 0.38 ಗಾಸ್. ಆದರೆ ಇದು 5893ರ ಜಾತಿಯ ಸಂಖ್ಯೆ ಅಲ್ಲ. ಸೋಡಿಯಂ ಬೆಳಕು ಮೂಡುಬಿದಿರೆಯಲ್ಲೂ ಒಂದೇ, ಮಾಸ್ಕೋದಲ್ಲೂ ಒಂದೇ. ಭೂಮಿಯ ಕ್ಷೇತ್ರ ಊರಿಂದ ಊರಿಗೆ ಬೇರೆ, ವರ್ಷದಿಂದ ವರ್ಷಕ್ಕೂ ನಿಧಾನವಾಗಿ ಬದಲಾಗುತ್ತದೆ. ನಮ್ಮ ಕರಾವಳಿ ಅಯಸ್ಕಾಂತೀಯ ಸಮಭಾಜಕಕ್ಕೆ ಹತ್ತಿರ. ಆ ರೇಖೆ ಹಾದುಹೋಗುತ್ತದೆ ಅನ್ನುವ ಕಾರಣಕ್ಕೇ ಕೇರಳದ ತುಂಬಾದಿಂದ 1963ರ ನವೆಂಬರ್ 21ರಂದು ದೇಶದ ಮೊದಲ ಸಂಶೋಧನಾ ರಾಕೆಟ್ ಹಾರಿದ್ದು. ಅಂದರೆ ಬಂಟ್ವಾಳದ ಲ್ಯಾಬಿನ ಮುಳ್ಳು ಹೇಳುವುದು ಬಂಟ್ವಾಳದ ಉತ್ತರ. ಅದರ ಜೊತೆ ಪಕ್ಕದ ಕಬ್ಬಿಣದ ಕಪಾಟು, ಗೋಡೆಯೊಳಗಿನ ಸರಳು, ಯಾರದ್ದೋ ಪ್ಯಾಂಟಿನ ಕಿಸೆಯ ಮೊಬೈಲು, ಎಲ್ಲವೂ ತಮ್ಮ ಮಾತು ಸೇರಿಸುತ್ತವೆ. ನಾಲ್ಕು ಟೇಬಲಿನಲ್ಲಿ ನಾಲ್ಕು ಬೇರೆ ಉತ್ತರ ಬಂದರೆ ನಾಲ್ಕೂ ನಿಜ ಇರಬಹುದು! ಕಪಾಟಿನಿಂದ ದೂರ ಹೋದ ಹಾಗೆ ಉತ್ತರ ಹೇಗೆ ಬದಲಾಗುತ್ತದೆ ಅಂತ ಒಂದು ಗ್ರಾಫ್ ಹಾಕಿದರೆ ಸ್ವಂತದ ಒಂದು ಪುಟ್ಟ ಸಂಶೋಧನೆಯೇ ಆಯಿತು. ಅದೆಲ್ಲ ಬಿಟ್ಟು ನಾಲ್ವರೂ 0.38 ಬರೆದು ಸಹಿ ಹಾಕಿಸಿಕೊಂಡು ಬಸ್ಸಿಗೆ ಓಡುತ್ತಾರೆ. ಇಲ್ಲಿ ಹೊಂದಿಸುವುದೆಂದರೆ ನಮ್ಮ ನೆಲ ಹೇಳಿದ್ದನ್ನು ಅಳಿಸಿ ಬೇರೆ ಯಾವುದೋ ಊರಿನ ಸಂಖ್ಯೆ ಬರೆದುಕೊಳ್ಳುವುದು.

ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. ಎಲೆಕ್ಟ್ರಾನಿನ ವಿದ್ಯುದಂಶವನ್ನು ಎಣ್ಣೆಹನಿಗಳಿಂದ ಅಳೆದ ಮಿಲಿಕನ್ 1923ರಲ್ಲಿ ನೊಬೆಲ್ ಪಡೆದರು. ಗಾಳಿಯ ಸ್ನಿಗ್ಧತೆಯ ತಪ್ಪು ಬೆಲೆ ಬಳಸಿದ್ದರಿಂದ ಅವರ ಉತ್ತರ ತುಸು ಕಡಿಮೆ ಬಂದಿತ್ತು. ಮುಂದೆ ಅಳೆದವರ ಕಥೆಯನ್ನು ರಿಚರ್ಡ್ ಫೈನ್‌ಮನ್ 1974ರಲ್ಲಿ ಕ್ಯಾಲ್‌ಟೆಕ್ ವಿದ್ಯಾರ್ಥಿಗಳಿಗೆ ಹೇಳಿದ್ದರು. ಸರಿಯಾದ ಬೆಲೆಗೆ ಜಗತ್ತು ಒಂದೇ ನೆಗೆತಕ್ಕೆ ಹೋಗಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿತು. ಮಿಲಿಕನ್ನರಿಗಿಂತ ತುಂಬಾ ದೂರದ ಉತ್ತರ ಬಂದಾಗ ಜನ ತಮ್ಮ ತಪ್ಪು ಹುಡುಕುತ್ತಿದ್ದರು, ಹತ್ತಿರ ಬಂದಾಗ ಅಷ್ಟು ಹುಡುಕುತ್ತಿರಲಿಲ್ಲ. ಇಲ್ಲಿ ರೀಡಿಂಗ್ ತಿದ್ದುವ ಮಾತೇ ಇಲ್ಲ, ಗಮನಿಸಿ. ಹುಡುಕುವ ಶ್ರಮವನ್ನು ಒಂದು ಬದಿಗೆ ಮಾತ್ರ ಖರ್ಚು ಮಾಡಿದರು, ಅಷ್ಟೆ. ನನಗೆ ಹೆಚ್ಚು ಭಯ ಇರುವುದು ಈ ಎರಡನೇ ಜಾತಿಯ ಹೊಂದಾಣಿಕೆಯ ಬಗ್ಗೆ. ಮೊದಲನೆಯದನ್ನು ಮಾಡುವಾಗ ಕೈಯಾದರೂ ಸ್ವಲ್ಪ ನಡುಗುತ್ತದೆ, ಇದನ್ನು ಮಾಡುವಾಗ ನಾವು ಪ್ರಾಮಾಣಿಕರು ಅನ್ನುವ ನೆಮ್ಮದಿ ಪೂರ್ತಿ ಇರುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವ ಚಿತ್ರ ಮೆಡಿಟರೇನಿಯನ್ ಮತ್ತು ಕೆಂಪು ಸಮುದ್ರದ್ದು. ಸಮುದ್ರದ ಕಡುನೀಲಿ ಆಕಾಶದ ನೀಲಿಯ ಪ್ರತಿಫಲನ ಅಷ್ಟೇ ಅಂತ ಲಾರ್ಡ್ ರೇಲೀ ಹೇಳಿದ್ದರು. ದೃಗ್ವಿಜ್ಞಾನದಲ್ಲಿ ಅವರಿಗಿಂತ ದೊಡ್ಡ ಹೆಸರು ಆಗ ಇರಲಿಲ್ಲ. 1921ರಲ್ಲಿ ಇಂಗ್ಲೆಂಡಿನಿಂದ ‘ನರ್ಕುಂಡಾ’ ಎಂಬ ಹಡಗಿನಲ್ಲಿ ವಾಪಸಾಗುತ್ತಿದ್ದ ಸಿ.ವಿ. ರಾಮನ್ ಒಂದು ನಿಕೋಲ್ ಪ್ರಿಸಂ ಹಿಡಿದು ಡೆಕ್ಕಿನಲ್ಲಿ ನಿಂತರು. ಬೆಳಕಿನ ಕಂಪನವನ್ನು ಸೋಸುವ ಹರಳು ಅದು. ನೀರಿನ ಮೇಲೆ ಸುಮಾರು 53 ಡಿಗ್ರಿ ಕೋನದಲ್ಲಿ ಪ್ರತಿಫಲಿಸಿದ ಬೆಳಕನ್ನು ಅದು ಪೂರಾ ತಡೆಯಬಲ್ಲದು, ಬ್ರೂಸ್ಟರ್ ನಿಯಮ ಅಂತ ನಾವೂ ಓದಿದ್ದೇವೆ. ಪ್ರತಿಫಲನ ಆರಿಸಿದರು. ರೇಲೀ ಸರಿಯಿದ್ದರೆ ಸಮುದ್ರದ ನೀಲಿಯೂ ಆರಬೇಕಿತ್ತು. ಆರಲಿಲ್ಲ, ಇನ್ನೂ ಚೆನ್ನಾಗಿ ಕಂಡಿತು. ಹಡಗು ಬೊಂಬಾಯಿ ಬಂದರು ಮುಟ್ಟಿದಾಗ ‘ನೇಚರ್’ ಪತ್ರಿಕೆಗೆ ಬರೆದು ಹಾಕಿದರು. ಅಲ್ಲಿಂದ ಹೊರಟ ದಾರಿ 1928ರ ಫೆಬ್ರವರಿ 28ಕ್ಕೆ ಹೋಗಿ ಮುಟ್ಟಿತು. ಆವತ್ತು ಡೆಕ್ಕಿನಲ್ಲಿ ನಿಂತವರು ‘ಎಲ್ಲೋ ಪ್ರಿಸಂ ಸರಿ ಹಿಡಿದಿಲ್ಲ, ಹೊಂದಿಸೋಣ’ ಅಂದುಕೊಂಡಿದ್ದರೆ?

ಹಾಗಂತ ಕಂಡದ್ದೆಲ್ಲ ಪವಿತ್ರ, ಏನನ್ನೂ ತಿದ್ದಬಾರದು ಅಂತ ನನ್ನ ವಾದ ಅಲ್ಲ. ತಿದ್ದುಪಡಿ ಇಲ್ಲದೆ ವಿಜ್ಞಾನವೇ ಇಲ್ಲ. ಮಾಪಕ ಸೊನ್ನೆಯಿಂದ ಶುರುವಾಗದಿದ್ದರೆ ಆ ದೋಷವನ್ನು ಕಳೆಯುತ್ತೇವೆ. ಯಾವುದೋ ಒಂದು ರೀಡಿಂಗ್ ತೀರಾ ಅಡ್ಡಾದಿಡ್ಡಿ ಬಂದರೆ ಬಿಡುತ್ತೇವೆ. ಹಾಗಾದರೆ ತಿದ್ದುವುದಕ್ಕೂ ಹೊಂದಿಸುವುದಕ್ಕೂ ಗೆರೆ ಎಲ್ಲಿ?

ನನಗೆ ಇದಕ್ಕೆ ಸಿಕ್ಕಿದ ಅತ್ಯಂತ ಚಂದದ ಉದಾಹರಣೆ ಫಿಸಿಕ್ಸಿನದ್ದಲ್ಲ, ಮೂಡುಬಿದಿರೆಯ ಬಸದಿಯದ್ದು. ‘ಷಟ್‌ಖಂಡಾಗಮ’ಕ್ಕೆ ವೀರಸೇನ ಬರೆದ ‘ಧವಲಾ’ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದದ್ದು ಮೂಡುಬಿದಿರೆಯಲ್ಲಿ. ಪ್ರತಿಯ ಪ್ರತಿಯಾಗಿ ಅವು ಹೊರಗೆ ಹೋಗಿ, ಹೀರಾಲಾಲ್ ಜೈನ್ ಸಂಪಾದಕತ್ವದಲ್ಲಿ 1939ರಿಂದ ಅಚ್ಚಾಗತೊಡಗಿದವು. ಮೊದಲ ಭಾಗದ 93ನೇ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದ ಇರಬೇಕಿತ್ತು, ಅರ್ಥ ಅದನ್ನು ಕೇಳುತ್ತದೆ ಎಂದು ಸಂಪಾದಕರಿಗೆ ಅನ್ನಿಸಿತು. ಅವರ ಕೈಲಿದ್ದ ಪ್ರತಿಗಳಲ್ಲಿ ಇರಲಿಲ್ಲ. ಸಣ್ಣ ಪದವೇನಲ್ಲ, ಹೆಂಗಸರು ಸಂಯಮದ ಮೇಲಿನ ಮೆಟ್ಟಿಲು ಏರಬಲ್ಲರೇ ಎಂಬ ಹಳೆಯ ಜಗಳಕ್ಕೆ ತಾಗುವಂಥದ್ದು. ಸಂಪಾದಕರು ಅದನ್ನು ಸೂತ್ರದೊಳಗೆ ತೂರಿಸಲಿಲ್ಲ. ಇಲ್ಲಿ ಈ ಪದ ಬಿಟ್ಟುಹೋದಂತಿದೆ ಎಂದು ಅಡಿಟಿಪ್ಪಣಿಯಲ್ಲಿ ಬರೆದರು. ದೊಡ್ಡ ಗಲಾಟೆ ಆಯಿತು. ಆಮೇಲೆ ಮೂಡುಬಿದಿರೆಯ ತಾಳೆಗರಿಯನ್ನೇ ತೆರೆದು ನೋಡಿದಾಗ ಪದ ಅಲ್ಲಿತ್ತು.

ಅವರ ಊಹೆ ನಿಜವಾಯಿತು ಅನ್ನುವುದು ನನಗೆ ಅಷ್ಟು ಮುಖ್ಯ ಅಲ್ಲ. ಊಹೆ ಸುಳ್ಳಾಗಿದ್ದರೂ ಅವರು ಮಾಡಿದ ಕೆಲಸ ಸರಿಯೇ ಇರುತ್ತಿತ್ತು. ಕಂಡದ್ದು ಮೇಲೆ, ಅನ್ನಿಸಿದ್ದು ಕೆಳಗೆ, ನಡುವೆ ಒಂದು ಗೆರೆ. ಓದುವವನಿಗೆ ಎರಡೂ ಬೇರೆಬೇರೆಯಾಗಿ ಕಾಣುತ್ತದೆ, ಬೇಕಾದರೆ ಅವನೇ ಹೋಗಿ ಗರಿ ತೆರೆದು ನೋಡಬಹುದು. ಲ್ಯಾಬ್ ರೆಕಾರ್ಡಿನಲ್ಲೂ ಅಷ್ಟೇ ಸಾಕಿತ್ತು: ‘ಬಂದದ್ದು 6480. ಒಂದು ಉಂಗುರ ಎಣಿಕೆ ತಪ್ಪಿರಬಹುದು. ಎರಡನೇ ಸಲ ಎಣಿಸಿದಾಗ 5930.’ ಮೂರು ಸಾಲು. ಆದರೆ ನಮ್ಮ ರೆಕಾರ್ಡಿನ ಟೇಬಲಿಗೆ ಅಡಿಟಿಪ್ಪಣಿಯ ಜಾಗವೇ ಇಲ್ಲ, ಹೊಡೆದುಹಾಕಿದ ಸಾಲು ಕಂಡರೆ ‘ನೀಟಾಗಿ ಬರೆದು ತನ್ನಿ’ ಅನ್ನುತ್ತಾರೆ.

ಇದನ್ನೆಲ್ಲ ಓದುತ್ತಿರುವ ನಿಮ್ಮಲ್ಲಿ ಹೆಚ್ಚಿನವರು ಸೋಡಿಯಂ ದೀಪ ನೋಡಿ ಹತ್ತು ವರ್ಷ ಆಗಿರಬಹುದು. ಈಗ ಕೂತಿರುವುದು ಮಾನ್ಯತಾ ಟೆಕ್ ಪಾರ್ಕಿನಲ್ಲೋ ವೈಟ್‌ಫೀಲ್ಡಿನಲ್ಲೋ. ರಿವ್ಯೂ ಮೀಟಿಂಗಿಗೆ ಮೊದಲು ‘ಈ ನಂಬರ್ ಯಾಕೋ ಸರಿ ಕಾಣ್ತಿಲ್ಲ, ಒಂದ್ಸಲ ನೋಡ್ತೀರಾ’ ಅನ್ನುವ ಮೆಸೇಜು ಬರುತ್ತದಲ್ಲ, ಅದರ ಅರ್ಥ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹದಿನೆಂಟನೇ ವಯಸ್ಸಿನಲ್ಲೇ ಆ ಭಾಷೆ ಕಲಿತಿದ್ದೇವೆ. ಫೋಕ್ಸ್‌ವ್ಯಾಗನ್ ಕಂಪನಿ ಪರೀಕ್ಷೆ ನಡೆಯುತ್ತಿದೆ ಅಂತ ಗುರುತಿಸಿ ಆಗ ಮಾತ್ರ ಹೊಗೆ ಕಡಿಮೆ ಮಾಡುವ ಸಾಫ್ಟ್‌ವೇರನ್ನು ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಿಗೆ ಹಾಕಿದ್ದು 2015ರಲ್ಲಿ ಬಯಲಾಯಿತು. ಅದನ್ನು ಬರೆದವರು ರಾಕ್ಷಸರೇನಲ್ಲ, ನಮ್ಮ ಹಾಗೆ ಒಳ್ಳೆಯ ಮಾರ್ಕಿನ ಎಂಜಿನಿಯರುಗಳು. ಬರಬೇಕಾದ ಉತ್ತರ ಮೊದಲೇ ಗೊತ್ತಿತ್ತು, ಹಿಂದಿನಿಂದ ಲೆಕ್ಕ ಹಾಕಿದರು.

ಗೆಳೆಯನಿಗೆ ಈ ಫೋಕ್ಸ್‌ವ್ಯಾಗನ್ ಮಾತು ಹಿಡಿಸುವುದಿಲ್ಲ. “ನ್ಯೂಟನ್ ರಿಂಗಿನಿಂದ ನೇರ ಜರ್ಮನಿಗೆ ಹಾರಿದೆಯಲ್ಲ, ನಡುವೆ ಒಂದು ಬಸ್ ಸ್ಟಾಪೂ ಇಲ್ಲವಾ?” ಅನ್ನುತ್ತಾನೆ. ಒಂದು ಮಟ್ಟಿಗೆ ಒಪ್ಪುತ್ತೇನೆ. ರೆಕಾರ್ಡ್ ಹೊಂದಿಸಿದವರೆಲ್ಲ ಕಳ್ಳರಾಗುವುದಿಲ್ಲ. ಉತ್ತರಕ್ಕೆ ಮಾರ್ಕು ಕೊಡುವ ಪದ್ಧತಿ ಇರುವವರೆಗೆ ವೇಣೂರಿನ ಹುಡುಗಿಯೊಬ್ಬಳ ಹತ್ತಿರ ಮಾತ್ರ ಸತ್ಯ ಬೇಡುವುದು ಅನ್ಯಾಯ ಅನ್ನುವುದನ್ನೂ ಒಪ್ಪುತ್ತೇನೆ. ಸತ್ಯ ಹೇಳಿದ್ದಕ್ಕೆ ಅರ್ಧ ಮಾರ್ಕು ಕಳೆಯುವುದಾದರೆ ಆ ಅರ್ಧ ಮಾರ್ಕಿನ ಹೊಣೆ ಕಳೆಯುವವರದ್ದು. ಒಪ್ಪದೇ ಇರುವುದು ಒಂದೇ, ‘ಯಾರಿಗೂ ನಷ್ಟ ಇಲ್ಲ’ ಅನ್ನುವ ಮಾತು.

ವಾದ ಮುಗಿದಿಲ್ಲ, ಆದರೆ ಅವನು ಏರ್ ವೆಡ್ಜ್ ಪ್ರಯೋಗದಲ್ಲಿ ಒಂದು ಬದಲಾವಣೆ ಮಾಡಿದ್ದಾನೆ. ಎರಡು ಗಾಜಿನ ಪಟ್ಟಿಗಳ ನಡುವೆ ಒಂದು ತುದಿಯಲ್ಲಿ ತಲೆಕೂದಲು ಸಿಕ್ಕಿಸಿ, ಬೆಳಕಿನ ಪಟ್ಟೆಗಳನ್ನು ಅಳೆದು ಕೂದಲಿನ ದಪ್ಪ ಕಂಡುಹಿಡಿಯುವ ಪ್ರಯೋಗ ಅದು. ಇದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ. ಹಾಗಾಗಿ ಹುಡುಗರು ಸೀನಿಯರ್‌ಗಳ ರೆಕಾರ್ಡಿನಿಂದ ಇಳಿಸಿಕೊಳ್ಳುತ್ತಿದ್ದರು. ಯಾರದ್ದೋ ಒಂದು ಕೂದಲು ಬ್ಯಾಚಿನಿಂದ ಬ್ಯಾಚಿಗೆ ದಪ್ಪ ಬದಲಾಗದೆ ಬಂದಿತ್ತು! ಈಗ ಅವರವರ ತಲೆಯಿಂದಲೇ ಒಂದು ಕೂದಲು ತೆಗೆದು, ಅವನ ಎದುರೇ ಗಾಜಿಗೆ ಸಿಕ್ಕಿಸಬೇಕು. ಕಳೆದ ಸಲ ಒಬ್ಬಳು 86 ಮೈಕ್ರಾನ್ ಅಂತ ಬರೆದು ತಂದು, “ಸರ್, ಇದು ಸರಿಯಾ?” ಅಂತ ಕೇಳಿದಳಂತೆ. ಅವನಿಗೆ ಏನು ಹೇಳುವುದು ಗೊತ್ತಾಗಲಿಲ್ಲ. ಇನ್ನೊಮ್ಮೆ ಅಳೆ ಅಂದ. 91 ಬಂತು. ಎರಡನ್ನೂ ಬರಿ ಅಂದ, ಬರೆದಳು, ಸಹಿ ಹಾಕಿದ.

ಸೋಡಿಯಂ ವಿಷಯದಲ್ಲಿ ಮಾತ್ರ ಇನ್ನೂ ಹಾಗೆಯೇ ಇದ್ದಾನೆ.